ಹದಿನೇಳನೇ ಪ್ಲಾಟಿನ ಅಂಚಿನ ಎರಡು ಸಾಲು

ಭತ್ತ ಸಂಶೋಧನಾ ಕೇಂದ್ರದ ಮುಖ್ಯಸ್ಥರೇ,

ಕಾಳಿನಲ್ಲಿ ಇನ್ನೂ ಹಾಲಿದ್ದ ಭತ್ತವನ್ನು ಕೊಯ್ಸಿ, ತೂಗಿಸಿ, “ಇಳುವರಿ ತೀರಾ ಕಡಿಮೆ, ಬೆಳೆಯಲು ಯೋಗ್ಯವಲ್ಲ” ಎಂದು ವರದಿ ಬರೆದಿದ್ದೀರಿ. ಅದು ಸುಳ್ಳು. ಅದರ ಮೇಲೆ ನಿಮ್ಮ ಮೊಹರಿದೆ.

ಆ ಕೆಂಪು ಭತ್ತ ನನ್ನ ಸೋದರತ್ತೆಯದು. ಅವರು ಸೂಲಗಿತ್ತಿ. ಹೆರಿಗೆ ಮಾಡಿಸಿದ ಮನೆಗೆಲ್ಲ ತಮ್ಮದೇ ಅಕ್ಕಿ ಒಯ್ದು ಬಾಣಂತಿಗೆ ಗಂಜಿ ಕಾಯಿಸಿಕೊಟ್ಟವರು. ಅದರಲ್ಲಿ ಔಷಧದ ಗುಣ ಇದೆಯೋ, ಬರೀ ಅತ್ತೆಯ ನಂಬಿಕೆಯೋ, ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲೆಂದೇ ನಿಮ್ಮಲ್ಲಿಗೆ ಬಂದೆವು. ‘ಔಷಧೀಯ ನಾಟಿ ತಳಿಗಳನ್ನು ಪ್ರಯೋಗಕ್ಕೆ ಕೊಡಿ, ಎರಡರಷ್ಟು ಬೀಜ ಹಿಂತಿರುಗಿಸುತ್ತೇವೆ’ ಎಂಬ ನಿಮ್ಮ ಕರಪತ್ರವನ್ನು ಅತ್ತೆಗೆ ಓದಿ ಹೇಳಿದವಳು ನಾನೇ.

“ಎಲ್ಲಾನೂ ಕೊಟ್ಬಿಡೋದೇನೇ?” ಅಂದರು.

“ಇದು ವಿಜ್ಞಾನ ಅತ್ತೆ, ಮೋಸ ಇರಲ್ಲ” ಅಂದೆ. ಅತ್ತೆ ಬೀಜದ ಡಬ್ಬಿ ಕೊಡವಿ ಕೊಟ್ಟರು.

ಈ ತಳಿ ಮಾಗಲು ಬಿತ್ತಿದಂದಿನಿಂದ ನೂರೈವತ್ತು ದಿನ ಬೇಕು. ನಿಮ್ಮ ಅರ್ಜಿಯಲ್ಲೇ ಅದನ್ನು ಬರೆದಿದ್ದೆ. ನೀವು ನೂರಿಪ್ಪತ್ತನೇ ದಿನ, ತಳಿಗೊಂದರಂತೆ ಬಿತ್ತಿದ್ದ ಇಪ್ಪತ್ತು ಪ್ಲಾಟುಗಳಿಗೂ ಒಟ್ಟಿಗೆ ಕುಡುಗೋಲು ಹಾಕಿಸಿದಿರಿ. ಸುದ್ದಿ ಕೇಳಿ ನಾವು ಓಡಿಬಂದಾಗ ನಿಮ್ಮ ಸಹಾಯಕರು ಪುಸ್ತಕದಿಂದ ತಲೆ ಎತ್ತಲಿಲ್ಲ. “ಎಲ್ಲಾ ಒಂದೇ ದಿನ ಕೊಯ್ದರೇನೇ ಹೋಲಿಕೆ ಸರಿ ಹೋಗೋದು ಕಣಮ್ಮ. ಆರ್ಡರ್ ಹಾಗಿದೆ.”

“ಅಲ್ಲಪ್ಪಾ, ಏಳನೇ ತಿಂಗಳಿಗೇ ಹೆರಿಗೆ ಮಾಡಿಸಿ, ಮಗು ತೂಕ ಇಲ್ಲ ಅಂತ ತಾಯಿನ ಬೈತೀರಾ?” ಅಂದರು ಅತ್ತೆ.

ಕೊಯ್ಯುತ್ತಿದ್ದ ಹೆಂಗಸರು ನಕ್ಕರು. ಕುಡುಗೋಲು ನಿಲ್ಲಲಿಲ್ಲ.

ನಾನು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಸಭೆಗಳಲ್ಲಿ ಹಂಚುವ ಕಿರುಹೊತ್ತಗೆಗಳನ್ನು ಓದಿ ಕಲಿತವಳು. ಒಂದೊಂದು ತಳಿಯನ್ನೂ ಅದು ಮಾಗಿದ ದಿನ ಕೊಯ್ದು ಹೋಲಿಸಬೇಕೆಂದು ನನಗೇ ಹೊಳೆಯುತ್ತದೆ. ಗೋಡೆ ತುಂಬ ಪದವಿ ತೂಗುಹಾಕಿರುವ ನಿಮಗೆ ಹೊಳೆಯಲಿಲ್ಲವೇ? ಅಥವಾ ಭತ್ತ ಮಾಗುವ ಮುನ್ನ ವರದಿ ಮಾಗಬೇಕಿತ್ತೇ?

ನೀವು ‘ಹಿಂತಿರುಗಿಸಿದ’ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆವು. ಐದು ದಿನವಾದರೂ ಒಂದೂ ಮೊಳೆಯಲಿಲ್ಲ. ಅತ್ತೆ ಬಟ್ಟೆ ಹಿಂಡಿ ಒಣಹಾಕಿದರು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಅಂದಿನಿಂದ ಸುತ್ತಲ ಊರುಗಳನ್ನೆಲ್ಲ ಅಲೆದು ಕೇಳಿದ್ದೇನೆ. ಈ ಬೀಜ ಯಾರ ಬಳಿಯೂ ಇಲ್ಲ.

ಉಳಿದಿರುವುದು ನಮ್ಮ ಭತ್ತ ಬಿತ್ತಿದ್ದ ಹದಿನೇಳನೇ ಪ್ಲಾಟಿನ ಅಂಚಿನ ಎರಡು ಸಾಲು. ಅಂಚಿನ ಪೈರನ್ನು ತೂಕಕ್ಕೆ ಸೇರಿಸಬಾರದೆಂಬ ನಿಮ್ಮದೇ ನಿಯಮದಿಂದ ಅವು ಇನ್ನೂ ನಿಂತಿವೆ. ಗುರುವಾರಕ್ಕೆ ನೂರೈವತ್ತು ದಿನ ತುಂಬುತ್ತದೆ. ಬುಧವಾರ ಉಳುಮೆ ಎಂದು ಗೇಟಿಗೆ ಚೀಟಿ ಅಂಟಿಸಿದ್ದೀರಿ. ಒಂದೇ ಒಂದು ದಿನ, ಸ್ವಾಮಿ.

ಟ್ರ್ಯಾಕ್ಟರ್ ನಿಲ್ಲಿಸಿ. ವರದಿಯನ್ನು ಹಿಂದಕ್ಕೆ ಪಡೆಯಿರಿ. ಆ ಎರಡು ಸಾಲನ್ನು ಕೊಯ್ದು ನಮ್ಮೆದುರೇ ತೂಗಿ. ಇಳುವರಿ ಕಡಿಮೆಯೇ ಬಂದರೆ ಹಾಗೆಯೇ ಬರೆಯಿರಿ, ಒಪ್ಪುತ್ತೇನೆ. ಬೀಜ ಮಾತ್ರ ಅತ್ತೆಯ ಡಬ್ಬಿಗೆ ಮರಳಬೇಕು. ಬುಧವಾರ ಬೆಳಗಾಗುವ ಮುನ್ನವೇ ನಾವಿಬ್ಬರೂ ಆ ಅಂಚಿನಲ್ಲಿ ಕೂತಿರುತ್ತೇವೆ, ಏಳುವುದಿಲ್ಲ. ಕುಡುಗೋಲು ಅತ್ತೆ ತರುತ್ತಾರೆ, ತಕ್ಕಡಿ ನೀವು ತನ್ನಿ. ಗುರುವಾರ, ಬೆಳಿಗ್ಗೆ ಎಂಟು ಗಂಟೆಗೆ.

ಇಂತಿ,
ನಿಮ್ಮ ಕರಪತ್ರವನ್ನು ನಂಬಿ, ಗಟ್ಟಿಯಾಗಿ ಓದಿದವಳು