ಕಲ್ಲಿನ ಮೇಲೆ ನಿನ್ನ ಹೆಸರು

ಮೇಲಿನ ಗುಡ್ಡ,
ಕ್ಯಾರಿಯಾಕೂ ದ್ವೀಪ.
ಮೇ ೧೪, ೧೯೯೧

ತಮ್ಮ ಕಾಸ್ನೆಲ್‌ಗೆ ಅಕ್ಕ ಇಸ್ಮೆಯ ಆಶೀರ್ವಾದ.

ನಾನು ಉಸಿರಾಡಿಕೊಂಡಿದ್ದೇನೆ. ಮಂಡಿ ಎರಡೂ ಹೋದವು, ನಾಲಿಗೆಯೊಂದು ಹೋಗಲಿಲ್ಲ ಎಂದು ಮೊಮ್ಮಗಳು ಡವೀನಾ ನಗುತ್ತಾಳೆ. ಎಣ್ಣೆ ಕಾರ್ಖಾನೆಯ ಹೊಗೆ ಕುಡಿದು ನಿನ್ನ ಎದೆ ಕೆಟ್ಟಿದೆ ಎಂದು ಬರೆದಿದ್ದೀಯ. ಶುಂಠಿ ಕುದಿಸಿ ಕುಡಿ. ರಮ್ ಬೆರೆಸಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಉತ್ತರ ತಡವಾಯಿತು, ಬೈಯಬೇಡ. ಡಿಸೆಂಬರಿನಲ್ಲಿ ನೀನು ಹಾಕಿದ ಕಾಗದ ನನ್ನ ಕೈ ಸೇರಿದಾಗ ಈಸ್ಟರ್ ಕಳೆದಿತ್ತು. ಕೇಳಿದರೆ ಅಂಚೆಯವನು ದೋಣಿಯವನನ್ನು ತೋರಿಸಿದ, ದೋಣಿಯವನು ಅಂಚೆಯವನನ್ನು. ಮೂವತ್ತೆಂಟು ವರ್ಷ ಒಂದು ಸಾಲು ಬರೆಯದೆ ಕೂತವನು ನೀನು. ಒಂದೆರಡು ತಿಂಗಳು ನೀನೂ ಸಹಿಸಿಕೋ.

ಕಾಗದವನ್ನು ಅವ್ವನ ಹೆಸರಿಗೆ ಬರೆದಿದ್ದೀಯ. ಅವ್ವ ಇಲ್ಲ ಕಾಸ್ನೆಲ್. ಹತ್ತೊಂಬತ್ತು ವರ್ಷವಾಯಿತು. ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದಳು. ಕೊನೆಯ ವರ್ಷ ನನ್ನನ್ನೇ ಕಾಸ್ನೆಲ್ ಎಂದು ಕರೆಯುತ್ತಿದ್ದಳು, ನಾನೂ ಓಗೊಡುತ್ತಿದ್ದೆ.

ಜೂನ್ ಮೊದಲ ಶನಿವಾರದ ದೋಣಿಗೆ ಬರುತ್ತೇನೆ, ನನ್ನ ಜೀಗುಜ್ಜೆ ಮರದ ಕೆಳಗೆ ಒಂದು ಕೋಣೆ ಎಬ್ಬಿಸುತ್ತೇನೆ, ಅಲ್ಲೇ ಕಣ್ಣು ಮುಚ್ಚುತ್ತೇನೆ ಎಂದಿದ್ದೀಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀನು ಬರಬೇಡ. ಜಾಗ ಈಗ ನಮ್ಮದಲ್ಲ.

ಆಗಿದ್ದಿಷ್ಟು. ಹೋದ ವರ್ಷ ಲಿಂಟನ್ ಬಂದ. ಇಗರ್ಜಿಯ ಗಂಟೆ ಹೊಡೆಯುತ್ತಿದ್ದ ಕುಂಟ ಬರ್ಟಿಯ ಮಗ. ಈಗ ದ್ವೀಪದ ಮರಳು ದಂಡೆಯ ಜಾಗಗಳನ್ನು ಹೊರಗಿನವರಿಗೆ ಮಾರಿಸುವುದೇ ಅವನ ಕಸುಬು. ಅಂಗಳದಲ್ಲಿ ಅವ್ವನ ಸಮಾಧಿಯ ಪಕ್ಕವೇ ನಿಂತು ಶುರು ಮಾಡಿದ.

"ಅಜ್ಜೀ, ಈ ಮರಳಲ್ಲಿ ತೊಗರಿ ಗಿಡಾನೂ ಬರಲ್ಲ. ಆ ಜನಕ್ಕೆ ಮರಳೇ ಬೇಕಂತೆ. ಕೊಟ್ಬಿಡು."

"ನಿಮ್ಮಪ್ಪ ಗಂಟೆ ಹೊಡೀತಿದ್ದ, ನೀನು ಡಂಗುರ ಹೊಡೀತಿದ್ದೀಯ. ಮೊದ್ಲು ಆ ಬೂಟು ತೆಗ್ದು ಮಾತಾಡು. ಕೆಳಗೆ ನಮ್ಮವ್ವ ಮಲಗಿದ್ದಾಳೆ."

ಬೂಟು ತೆಗೆದ. ಮಾತು ಬಿಡಲಿಲ್ಲ. ಮುಂದಿನ ವಾರ ಗಂಡಹೆಂಡಿರಿಬ್ಬರನ್ನು ಕರೆತಂದ. ಚಳಿಯ ದೇಶದವರು, ಗಂಡ ಹಲ್ಲಿನ ಡಾಕ್ಟರು. ಕೆಲಸ ಬಿಟ್ಟು ಇಲ್ಲೇ ಬಂದು ನೆಲೆಸುತ್ತಾರಂತೆ, ಮೇಲೆರಡು ಕೋಣೆ ಬಾಡಿಗೆಗೆ ಕೊಡುತ್ತಾರಂತೆ. ಕೆಟ್ಟವರೆಂದು ಹೇಳಲಾರೆ. ಆಕೆ ನನ್ನನ್ನು ತಬ್ಬಿಕೊಂಡಳು. "ಇಲ್ಲಿ ಸೂರ್ಯ ಯಾವ ಕಡೆ ಮುಳುಗ್ತಾನಮ್ಮಾ?" ಎಂದು ಕೇಳಿದಳು.

"ನಾನು ಹುಟ್ಟಿದಾಗಿಂದ ಒಂದೇ ಕಡೆ" ಎಂದೆ.

ಆಕೆ ಆ ಕಡೆ ನೋಡಿದಳು. ಅಲ್ಲಿ ಅವ್ವನ ಕಲ್ಲಿತ್ತು. "ಇದು ಅಡ್ಡ ಬರುತ್ತಲ್ಲ" ಎಂದು ಲಿಂಟನ್‌ಗೆ ಮೆಲ್ಲಗೆ ಹೇಳಿದಳು. ನನ್ನ ಕಿವಿಯೂ ಹೋಗಿಲ್ಲ ನೋಡು.

ನಾನು ಬಾಗಿಲು ಹಾಕಿಕೊಂಡೆ. ಆದರೆ ಆ ಮಳೆಗಾಲದ ಗಾಳಿ ಡವೀನಾಳ ತಗಡಿನ ಸೂರನ್ನು ಹೊತ್ತೊಯ್ದು ಸಮುದ್ರಕ್ಕೆ ಹಾಕಿತು. ನನ್ನ ಮನೆಯೂ ಸೋರುತ್ತಿದ್ದುದರಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ಹಡಗು ಕಟ್ಟುವ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳು. ಚಿಕ್ಕದಕ್ಕೆ ಎದೆಯಲ್ಲಿ ಗೊರಗೊರ. ಲಿಂಟನ್‌ಗೆ ನಾನೇ ಹೇಳಿ ಕಳಿಸಿದೆ.

ನಮ್ಮ ಜಾಗದ ಕಟ್ಟಳೆ ನೀನು ಬಲ್ಲೆ. ಅಲ್ಲಿ ಯಾರ ಹೊಕ್ಕುಳಬಳ್ಳಿ ಹೂತು ಮರ ನೆಟ್ಟಿದೆಯೋ ಅವರೆಲ್ಲರ ಹೆಸರಿಗೂ ಆ ಮಣ್ಣು ಸೇರಿದ್ದು. ಒಬ್ಬರು ಒಲ್ಲೆ ಎಂದರೂ ಮಾರುವಂತಿಲ್ಲ. ಉಳಿದಿದ್ದವರು ನಾನು, ನೀನು. ಪೇಟೆಯ ವಕೀಲ ಕನ್ನಡಕದ ಮೇಲಿಂದ ನೋಡಿ, "ತಮ್ಮ ಎಲ್ಲಿ?" ಎಂದ.

"ಸಮುದ್ರ ದಾಟಿ ಹೋದ. ಬದುಕಿದ್ರೆ ಕಾಗದ ಬರೀತಿದ್ದ."

"ಸತ್ತಿದ್ದಾನೆ ಅನ್ನೋದಕ್ಕೆ ಗುರುತೇನು?"

ಗುರುತನ್ನು ಹುಡುಕಿಕೊಟ್ಟವನು ಲಿಂಟನ್. "ಅಜ್ಜೀ, ಅವನಿಗೊಂದು ಕಲ್ಲು ನಿಲ್ಸಿಬಿಡು. ಕಡಲಲ್ಲಿ ಹೋದೋರಿಗೆಲ್ಲ ನಿಲ್ಸಲ್ವಾ? ಊರೇ ಬಂದು ಉಂಡ ಮೇಲೆ ಯಾವ ವಕೀಲ ಕೇಳ್ತಾನೆ?"

ನಿಜ ಹೇಳುತ್ತೇನೆ, ಆಗ ನೀನು ಸತ್ತಿರಬೇಕೆಂದೇ ನಾನೂ ನಂಬಿದ್ದೆ. ಕ್ರಿಸ್ಮಸ್ ಕಳೆದ ವಾರ ಕಲ್ಲು ನಿಲ್ಲಿಸಿದೆವು. ಬಿಳಿ ಬಟ್ಟೆ ಹೊದಿಸಿ ಹೊತ್ತು ತಂದರು, ರಮ್ ಚಿಮುಕಿಸಿದರು, ಎರಡು ಮೇಕೆ ಕಡಿದೆವು, ದೊಡ್ಡ ಡೋಲು ಬಡಿದರು. ಜೋಳದ ಹಿಟ್ಟಿನ ಮುದ್ದೆ ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋಯಿತು. ಒಳಕೋಣೆಯಲ್ಲಿ ಸತ್ತವರಿಗೆ ಮೀನು, ಮುದ್ದೆ ಬಡಿಸಿದ ತಟ್ಟೆ ಇಟ್ಟೆವು, ಅವ್ವನಿಗೊಂದು, ನಿನಗೊಂದು. ಬಾಗಿಲು ಹಾಕಿದೆವು.

ಬೆಳಗಾಗಿ ಬಾಗಿಲು ತೆಗೆದರೆ ಅವ್ವನ ತಟ್ಟೆಯಲ್ಲಿ ಕೈಯಾಡಿಸಿದ ಗುರುತಿತ್ತು. ನಿನ್ನದು ಬಡಿಸಿದ ಹಾಗೇ ಇತ್ತು. ಮಾ ಫಿಲೋಮೆನ್, ನಮ್ಮಿಬ್ಬರ ಹೊಕ್ಕುಳಬಳ್ಳಿಯನ್ನೂ ಕತ್ತರಿಸಿದ ಸೂಲಗಿತ್ತಿ, ಈಗ ತೊಂಬತ್ತು ದಾಟಿದೆ, ಕೋಲೂರಿಕೊಂಡು ಬಂದು ತಟ್ಟೆ ನೋಡಿದಳು.

"ಇವ್ನು ಉಂಡಿಲ್ಲ ಕಣೇ ಇಸ್ಮೆ. ಇವ್ನು ಆ ಕಡೆ ಹೋಗೇ ಇಲ್ಲ. ಬದುಕಿರೋನ ನೆತ್ತಿ ಮೇಲೆ ಕಲ್ಲಿಟ್ಟಿದ್ದೀಯ."

"ಅವ್ನಿಗೆ ಮೀನು ಸೇರಲ್ಲ ಮಾ."

"ಮೀನಿನ ತಲೆಗೋಸ್ಕರ ನಿನ್ನ ಕೈ ಕಚ್ಚಿದ್ನಲ್ಲ, ಅವ್ನಿಗಾ ಸೇರಲ್ಲ?"

ಆ ಕಲೆ ನನ್ನ ಹೆಬ್ಬೆರಳಿನ ಬುಡದಲ್ಲಿ ಈಗಲೂ ಇದೆ.

ಜನವರಿಯಲ್ಲಿ ಪೇಟೆಗೆ ಹೋಗಿ, ಬೈಬಲ್ ಮುಟ್ಟಿ, ನೀನು ಸತ್ತೆ ಎಂದು ಪ್ರಮಾಣ ಮಾಡಿದೆ. ಎರಡೇ ವರ್ಷ ಶಾಲೆಗೆ ಹೋದವಳು, ಆದರೂ ಹೆಬ್ಬೆಟ್ಟು ಒತ್ತದೆ ಹೆಸರು ಬರೆದೆ. ಫೆಬ್ರವರಿಗೆ ಬೇಲಿ ಬಂತು. ಈಗ ನಾವು ಸ್ನಾನಕ್ಕೆ ಕಡಲಿಗಿಳಿಯಲು ಗುಡ್ಡ ಬಳಸಿ ಹೋಗಬೇಕು. ಅವ್ವನನ್ನು ತೆಗೆದು ಇಗರ್ಜಿಯ ಹಿಂದೆ ಇಟ್ಟರು, ಪೆಟ್ಟಿಗೆ ತೀರಾ ಹಗುರವಾಗಿತ್ತು. ನಿನ್ನ ಕಲ್ಲನ್ನೂ ಅವಳ ಎಡಕ್ಕೆ ನಿಲ್ಲಿಸಿದ್ದಾರೆ. ನಿನ್ನ ಮರವನ್ನು ಈಜುಕೊಳಕ್ಕೆಂದು ಕಡಿದರು. ಕಡಿಯುವ ದಿನ ಕಾಯಿ ತುಂಬಿತ್ತು. ಆ ಡಾಕ್ಟರ ಹೆಂಡತಿ ಒಂದು ಬುಟ್ಟಿ ಕಳಿಸಿದ್ದಳು. ಸುಟ್ಟು ಮಕ್ಕಳಿಗೆ ಕೊಟ್ಟೆ. ನಾನು ತಿನ್ನಲಿಲ್ಲ.

ಮಾರಿದ ಹಣದಲ್ಲಿ ಡವೀನಾಗೆ ಗುಡ್ಡದ ಮೇಲೆ ಸಿಮೆಂಟಿನ ಮನೆಯಾಗಿದೆ. ಚಿಕ್ಕದರ ಎದೆ ಈಗ ಗೊರಗುಟ್ಟುವುದಿಲ್ಲ. ನೀನು ಬಂದು ದೋಣಿಯ ದಕ್ಕೆಗೆ ಕಾಲಿಟ್ಟರೆ ಆ ಪ್ರಮಾಣದ ಕಾಗದ ಸುಳ್ಳಾಗುತ್ತದೆ, ಮಾರಿದ್ದು ಮುರಿಯುತ್ತದೆ, ಈ ಮನೆ ಹೋಗುತ್ತದೆ, ನನ್ನನ್ನು ಜೈಲಿಗೆ ಹಾಕುತ್ತಾರೆ. ಆದ್ದರಿಂದ ಅಲ್ಲೇ ಇರು ತಮ್ಮಾ. ನಿನ್ನ ಉಸಿರು ಸಲೀಸಾಗಲಿ, ಅಲ್ಲಿಯ ನೆರೆಹೊರೆ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ, ಅವ್ವ ಅಲ್ಲಿಂದಲೇ ನಿನ್ನ ತಲೆ ಸವರಲಿ.

ನಿನ್ನ ಅಕ್ಕ,
ಇಸ್ಮೆ

ಹೆಸರು ಬರೆದಾದ ಮೇಲೆ ಇನ್ನೊಂದು ಮಾತು. ನಿನ್ನ ಕಾಗದ ಬಂದದ್ದು ಈಸ್ಟರ್ ಆದ ಮೇಲಲ್ಲ. ಜನವರಿಯ ಎಂಟು, ಮಂಗಳವಾರ. ಪ್ರಮಾಣ ಮಾಡಿದ್ದು ಆ ಶುಕ್ರವಾರ. ಬೈಬಲ್ ಮುಟ್ಟುವಾಗ ನಿನ್ನ ಕಾಗದ ನನ್ನ ಚೀಲದಲ್ಲೇ ಇತ್ತು. ಡವೀನಾಳ ಮಗುವಿಗಾಗಿ ಎಂದು ಹೇಳಿಕೊಳ್ಳಬಹುದಿತ್ತು. ಅದೂ ಪೂರ್ತಿ ನಿಜವಲ್ಲ. ನಾಲ್ಕು ಹಾಳೆಯನ್ನು ನಾನು ಬೆರಳಿಟ್ಟು ಓದಿದೆ, ಎರಡು ಸಲ. ಅವ್ವ ಇದ್ದಳು, ಮರ ಇತ್ತು, ಬಾವಿ ಇತ್ತು, ನಾವು ಸಾಕಿದ್ದ ಕುರುಡು ಕತ್ತೆಯೂ ಇತ್ತು. ಇಸ್ಮೆ ಎಂಬ ಹೆಸರು ಎಲ್ಲೂ ಇರಲಿಲ್ಲ. ಹಾಳೆ ಮಡಚಿದೆ, ಚೀಲಕ್ಕೆ ಹಾಕಿದೆ, ಪೇಟೆಗೆ ಹೋದೆ. ಮೇಲೆ ಬರೆದ ಸುಳ್ಳನ್ನು ಹೊಡೆದು ಹಾಕುವುದಿಲ್ಲ, ಮನೆಯಲ್ಲಿ ಇನ್ನೊಂದು ಹಾಳೆಯಿಲ್ಲ. ಬರಬೇಡ ಎಂದು ಕೈ ಬರೆಯಿತು. ಆದರೂ ಜೂನ್ ಮೊದಲ ಶನಿವಾರ ನಾನು ದಕ್ಕೆಯಲ್ಲಿ ಕೂತಿರುತ್ತೇನೆ. ನೀನು ನನ್ನ ಗುರುತು ಹಿಡಿಯಲಾರೆ. ತಲೆಗೆ ಹಳದಿ ಬಟ್ಟೆ ಕಟ್ಟಿರುತ್ತೇನೆ.