ಮೂವತ್ತೊಂದನೇ ಪುಟದ ಸುಣ್ಣದ ಕಲ್ಲುಗಳು

೧೨ ನವೆಂಬರ್ ೧೯೪೧, ಬುಧವಾರ

ಮತ್ತೆ ಮುದ್ದೆ, ಮತ್ತೆ ಅದೇ ನೀರು ಸಾರು. ಕೆಮಿಸ್ಟ್ರಿ ಟೆಸ್ಟ್ ಹಾಳು. ಉತ್ತರದ ಹಾಳೆ ಮೇಲೆ ಇಂಕ್ ಚೆಲ್ಲಿದೆ.

ಗೈಡ್ ಪುಸ್ತಕ ಬಂತು. ಜಿಲ್ಲೆಯ ಹಳೇ ಗಣಿಗಳ ಬಗ್ಗೆ, ಸರ್ಕಾರಿ ಮುದ್ರೆ ಹಾಕಿದ್ದು. ಬರೆದವರು ನಮ್ಮ ಹಿಸ್ಟರಿ ಲೆಕ್ಚರರ್ ಅಪ್ಪಾಜಪ್ಪ ಸಾರ್. ಹಾಸ್ಟೆಲ್ ವಾರ್ಡನ್ನೂ ಅವರೇ. ಪುಟ ಮೂವತ್ತೊಂದರ ಕೆಳಗೆ ಸಣ್ಣ ಅಕ್ಷರ: ಸ್ಥಳೀಯ ಮಾಹಿತಿ — ವೈ. ಎಲ್ಲಪ್ಪ. ನನ್ನ ಹೆಸರು! ಪ್ರಿಂಟಲ್ಲಿ. ರೂಂಮೇಟ್ ಕದಿರೇಶ ಮೆಸ್ಸಿನಲ್ಲಿ ಬೆಂಚ್ ಹತ್ತಿ ಎಲ್ಲರಿಗೂ ಓದಿದ. "ಏನ್ಲಾ, ಇನ್ಮೇಲೆ ನಿನ್ನೂ ಸಾರ್ ಅನ್ಬೇಕಾ?"

ನಕ್ಕೆ. ಆಮೇಲೆ ಪುಟ ಪೂರ್ತಿ ಓದಿದೆ.

ಅದೇ ದಿನ, ಸಂಜೆ ೫

ನಾಲ್ಕು ಸಲ ಓದಾಯ್ತು. ಯಲ್ದೂರಿನ ಆಚೆ, ನಮ್ಮ ಹಳ್ಳಿ ದಿಣ್ಣೆ ಮೇಲೆ ಸುಣ್ಣ ಬಳಿದ ಕಲ್ಲುಗಳ ಸುತ್ತು ಇದೆಯಂತೆ. ಹಿಂದಿನ ಗಣಿಗಾರರು ಪೂಜಿಸುತ್ತಿದ್ದ ದೇವರ ಜಾಗವಂತೆ. ನಡುವಿನ ನೆಲ ಸಮತಟ್ಟು, ವಿದ್ಯಾರ್ಥಿ ತಂಡಗಳು ಒಳಗೆ ನಿಂತು ಸುತ್ತಲ ನೋಟ ನೋಡಲು ಯೋಗ್ಯವಂತೆ.

ಅಲ್ಲಿ ದೇವರೇ ಇಲ್ಲ. ಅದು ಹಳೇ ಗಣಿಯ ಬಾವಿ. ಬಾಯಿಗೆ ತೊಲೆ ಹಾಸಿ, ಮುಳ್ಳು ಹೊದಿಸಿ, ಮಣ್ಣು ಎಳೆದಿದ್ದಾರೆ. ಈಗ ಹುಲ್ಲು ಬೆಳೆದು ನೆಲದ ಹಾಗೇ ಕಾಣುತ್ತೆ. ನನ್ನಜ್ಜಿ ದೊಡ್ಡವೆಂಕಟಮ್ಮ ಮದುವೆಯಾಗಿ ಬಂದ ವರ್ಷ ಎರಡು ಎಮ್ಮೆ ಅದರೊಳಗೆ ಹೋದವಂತೆ. ಆಗ ಊರವರು ಅದನ್ನ ಹೀಗೆ ಮುಚ್ಚಿ, ಸುತ್ತ ಕಲ್ಲು ನೆಟ್ಟು ಸುಣ್ಣ ಬಳಿದು ಕುಂಕುಮ ಇಟ್ಟರು. ಬಾವಿ ಅಂದ್ರೆ ದನ ಕಾಯೋರು ಬಗ್ಗಿ ನೋಡ್ತಾರೆ, ದೇವರು ಅಂದ್ರೆ ದೂರ ನಿಲ್ತಾರೆ — ಅದು ಊರಿನ ಲೆಕ್ಕಾಚಾರ. ಪ್ರತಿ ಯುಗಾದಿಗೂ ಹೊಸ ಸುಣ್ಣ. ಕಲ್ಲು ದಾಟಿ ಯಾರೂ ಕಾಲಿಡಲ್ಲ.

ಹೋದ ಬೇಸಿಗೆ ಸಾರ್ ಬಂದಾಗ ಊರು ಸುತ್ತಿಸಿದ್ದು ನಾನು. ಇದೇನಪ್ಪಾ ಅಂತ ಕೇಳಿದರು. ನಮ್ಮೋರು ಇಲ್ಲದ ದೇವರನ್ನ ಮಾಡಿಟ್ಟಿದ್ದಾರೆ ಅನ್ನೋಕೆ ನಾಚಿಕೆ. ದೇವರು ಸಾರ್, ವೆರಿ ಓಲ್ಡ್ ಅಂದೆ. ಅವರು ಹೊರಗಿಂದಲೇ ಕೈಮುಗಿದು ನೋಟ್‌ಬುಕ್ಕಿಗೆ ಬರಕೊಂಡರು. ಒಳಗೆ ಹೋಗಲಿಲ್ಲ. ಹೋಗಿದ್ದರೆ...

೧೫ ನವೆಂಬರ್, ಶನಿವಾರ

ನೋಟೀಸ್ ಬೋರ್ಡ್. ೨೩ನೇ ಭಾನುವಾರ ಎಕ್ಸ್‌ಕರ್ಷನ್. ನಲವತ್ತು ಜನ. ಯುದ್ಧದಿಂದ ಪೆಟ್ರೋಲ್ ಸಿಗಲ್ಲ, ಇದ್ದಿಲ ಗ್ಯಾಸಿನಲ್ಲಿ ಓಡೋ ಬಸ್ಸು. ಗೈಡಿನ ಪ್ರಕಾರ ನೋಡೋದು, ಕೊನೆಗೆ ಕಲ್ಲುಗಳ ನಡುವೆ ಗ್ರೂಪ್ ಫೋಟೋ. ದಾರಿ ತೋರಿಸೋದು ನಾನು.



೧೭ ನವೆಂಬರ್, ಸೋಮವಾರ. ಮಧ್ಯಾಹ್ನ

ಸಾರ್ ರೂಮಿಗೆ ಹೋದೆ. ಟೇಬಲ್ ಮೇಲೆ ನನ್ನ ಹಾಸ್ಟೆಲ್ ಸೀಟಿನ ಫಾರಂ. ಸೈನ್ ಆಗಿಲ್ಲ. ಸೀಟ್ ಹೋದ್ರೆ ಕಾಲೇಜೂ ಹೋದ ಹಾಗೆ. ಅಲ್ಲಿನ ನೆಲ ಗಟ್ಟಿ ಇಲ್ವೇನೋ ಸಾರ್, ಅದು ಬಾವಿ ಇರಬಹುದು ಅಂತ ಅರ್ಧಂಬರ್ಧ ಹೇಳಿದೆ.

ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ದೇವರು ಅಂದವನು ನೀನೇ ಅಲ್ವೇನಯ್ಯ? ಪುಸ್ತಕ ದಿವಾನರ ಆಫೀಸಿನವರೆಗೂ ಹೋಗಿದೆ. ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?"

ಫಾರಂ ಕಡೆ ನೋಡಿದೆ.

"ಇವತ್ತಿಂದು ಸುಳ್ಳು ಸಾರ್" ಅಂದೆ.

ನಕ್ಕು ಸೈನ್ ಮಾಡಿದರು.

೨೨ ನವೆಂಬರ್, ಶನಿವಾರ. ಸಂಜೆ, ಊರಲ್ಲಿ

ಐದು ದಿನ ಏನೂ ಬರೀಲಿಲ್ಲ. ಬರೆಯೋ ಮುಖ ಇರಲಿಲ್ಲ.

ನಾಳೆ ದಿಣ್ಣೆ ಹತ್ರವೇ ಸೇರ್ಕೋತೀನಿ ಅಂತ ಕದಿರೇಶನ ಕೈಲಿ ಹೇಳಿಸಿ, ಸಣ್ಣ ಹಳಿಯ ರೈಲು ಹತ್ತಿ ಶ್ರೀನಿವಾಸಪುರಕ್ಕೆ ಬಂದೆ. ಅಲ್ಲಿಂದ ನಡಿಗೆ. ಅಜ್ಜಿ ಅವರೇಕಾಯಿ ಬಿಡಿಸ್ತಾ ಕೂತಿದ್ದಳು. ಎಲ್ಲ ಹೇಳಿದೆ. ಸೋಮವಾರದ್ದೂ. ಕೈ ನಿಲ್ಲಿಸಿದಳು.

"ನಾವು ಸುಳ್ಳು ಹೇಳಿದ್ದು ಜನ ಒಳಕ್ಕೆ ಹೋಗ್ಲಿ ಅಂತ ಅಲ್ವಲ್ಲೋ ನಾಯ್ನಾ."

ದಿಣ್ಣೆ ಹತ್ತಿದೆವು. ಅಜ್ಜಿ ಸುತ್ತಿನ ಹೊರಗೇ ನಿಂತು, ಒಂದು ಕಲ್ಲು ಎಸಿ ಅಂದಳು. ತಲೆಗಾತ್ರದ ಕಲ್ಲು ಎತ್ತಿ ನಡುವಿಗೆ ಎಸೆದೆ. ಧಡ್ ಅಂತ ಟೊಳ್ಳು ಸದ್ದು. ಹುಲ್ಲು ಹರಿದು, ತೊಲೆ ಮುರಿದು, ಕಲ್ಲು ಕಾಣೆ. ಒಂದು... ಎರಡು... ಮೂರು. ಆಮೇಲೆ ನೀರಿನ ಸದ್ದು, ಎಲ್ಲೋ ಪಾತಾಳದಲ್ಲಿ. ಮೇಲೆ ಮಡಕೆ ಬಾಯಷ್ಟು ತೂತು. ಹುಲ್ಲು ಮತ್ತೆ ವಾಲಿ ಅದನ್ನ ಮುಚ್ಚಿಬಿಟ್ಟಿತು.

ನಾಳೆ ನೀನೇ ಬಂದು ಸಾರ್‌ಗೆ ಹೇಳಜ್ಜಿ ಅಂತ ಗೋಗರೆದೆ.

"ಪುಸ್ತಕದಾಗೆ ಹೆಸ್ರು ನಂದೈತಾ, ನಿಂದಾ?"

೨೩ ನವೆಂಬರ್, ಭಾನುವಾರ. ೯.೪೦, ದಿಣ್ಣೆ ಮೇಲೆ

ಬಸ್ಸಿನ ಹೊಗೆ ಮೊದಲು ಕಂಡಿತು, ಆಮೇಲೆ ಬಸ್ಸು. ಹತ್ತಿ ಬರ್ತಿದ್ದಾರೆ. ಕದಿರೇಶ ಕ್ಯಾಮೆರಾ ಸ್ಟ್ಯಾಂಡ್ ಹೆಗಲ ಮೇಲಿಟ್ಟು ಮದುವೆ ಗಂಡಿನ ಹಾಗೆ ನಡೀತಿದ್ದಾನೆ. ನಾನು ಕಲ್ಲುಗಳಿಗೆ ಬೆನ್ನು ಕೊಟ್ಟು ಕೂತಿದ್ದೀನಿ. ತೊಡೆ ಮೇಲೆ ಇನ್ನೊಂದು ದೊಡ್ಡ ಕಲ್ಲು, ಅದರ ಮೇಲೆ ಈ ಡೈರಿ. ಅಕ್ಷರ ಸೊಟ್ಟ.

೯.೫೦

ಬಂದರು. ಹತ್ತು ಮಾರು ದೂರದಲ್ಲಿ ಎಲ್ಲರೂ ಚಪ್ಪಲಿ ಬಿಡ್ತಿದ್ದಾರೆ. ದೇವರ ಜಾಗ ಅಲ್ವಾ. ಸಾರ್ ಬಂಡೆ ಮೇಲೆ ಕೂತು ಬೂಟಿನ ಲೇಸ್ ಬಿಚ್ತಿದ್ದಾರೆ. ಮೊದಲು ತಾವೇ ಒಳಗೆ ನಿಂತು ತೋರಿಸ್ತಾರಂತೆ. ಒಂದು ಬೂಟು ಆಯ್ತು.

ಮೊದಲು ಹೇಳಲಾ, ಮೊದಲು ಕಲ್ಲಾ? ಮಾತು ಮೊದಲಾದ್ರೆ ಮತ್ತೆ ಅದೇ ಪ್ರಶ್ನೆ ಕೇಳ್ತಾರೆ, ಮತ್ತೆ ನಾನು... ಬೇಡ. ಕಲ್ಲೇ ಮೊದಲು. ನೀರಿನ ಸದ್ದು ಬರೋ ತನಕ ಯಾರೂ ಮಾತಾಡಲ್ಲ. ಆ ಮೂರು ಎಣಿಸೋದ್ರೊಳಗೆ ಹೇಳಿಬಿಡಬೇಕು — ಅವತ್ತು ಹೇಳಿದ್ದು ಸುಳ್ಳು ಸಾರ್, ಸೋಮವಾರ ಹೇಳಿದ್ದೂ —

ಎರಡನೇ ಬೂಟು