ನನ್ನ ತಮ್ಮನನ್ನು ನರಕದಿಂದ ಬಿಡಿ

ಪರಂಪರೆ ಸಂರಕ್ಷಣಾ ಕಚೇರಿಯ ಮಾನ್ಯ ನಿರ್ದೇಶಕರೇ,

ನೀವು ನನ್ನ ತಮ್ಮ ಎಲಿಹಿಯೊನನ್ನು ನರಕದಲ್ಲಿಟ್ಟು ಬೀಗ ಜಡಿದಿದ್ದೀರಿ. ಅವನನ್ನು ಅಲ್ಲಿಗೆ ಕಳಿಸಿದವಳು ನಾನೇ, ಒಪ್ಪಿಕೊಳ್ಳುತ್ತೇನೆ. ಆದರೆ ನಾನು ಕಳಿಸಿದ್ದು ಒಂದು ವರ್ಷದ ಮಟ್ಟಿಗೆ. ನೀವು ಅವನನ್ನು ಶಾಶ್ವತವಾಗಿ ಅಲ್ಲೇ ಇಟ್ಟುಕೊಂಡಿದ್ದೀರಿ, ಸಾಲದ್ದಕ್ಕೆ ಆ ಕೆಲಸಕ್ಕೆ ಸಂರಕ್ಷಣೆ ಎಂದು ಹೆಸರನ್ನೂ ಇಟ್ಟಿದ್ದೀರಿ.

ನಿಮ್ಮ ಕಡತದಲ್ಲಿ ನಾನು ‘ಸೈತಾನನ ಪಾತ್ರಧಾರಿ, ಮಹಿಳೆ, ಅರವತ್ತೆಂಟು ವರ್ಷ’. ನಮ್ಮೂರು ಓಹೊ ಫ್ರಿಯೊದಲ್ಲಿ ನಾನು ಗಿರಣಿಯವಳು. ಬೆಳಗಾಗುತ್ತಿದ್ದಂತೆ ಬೇಯಿಸಿದ ಮೆಕ್ಕೆಜೋಳದ ಬಕೆಟ್ಟು ಹಿಡಿದು ಹೆಂಗಸರು ನನ್ನ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಊರಿನಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂಬುದು ಜೋಳ ಹಿಟ್ಟಾಗುವ ಮೊದಲೇ ನನ್ನ ಕಿವಿಗೆ ಬಿದ್ದಿರುತ್ತದೆ. ಅದಕ್ಕೇ ನಮ್ಮ ಮನೆಯವರಿಗೆ, ಅಜ್ಜನ ಕಾಲದಿಂದಲೂ, ಸೈತಾನನ ಕೊಂಬು. ಕ್ರಿಸ್ಮಸ್ ಹಿಂದಿನ ಸಂಜೆಯ ನಾಟಕದಲ್ಲಿ ಕುರುಬರು ಬೆತ್ಲೆಹೇಮಿಗೆ ಹೊರಡುತ್ತಾರೆ, ಸೈತಾನ ಅಡ್ಡಗಟ್ಟುತ್ತಾನೆ. ಇಷ್ಟು ನಿಮ್ಮ ಬಣ್ಣದ ಕಿರುಹೊತ್ತಗೆಯಲ್ಲೂ ಇದೆ. ಇಲ್ಲದ್ದನ್ನು ಹೇಳುತ್ತೇನೆ, ಕೇಳಿ. ನಡುವೆ ಒಮ್ಮೆ ಸೈತಾನ ಕುರುಬರನ್ನು ಬಿಟ್ಟು ಜನರ ಕಡೆ ತಿರುಗುತ್ತಾನೆ. ಆ ವರ್ಷ ಊರಿಗೆ ಕೆಡುಕು ಮಾಡಿದವನನ್ನು ಹೆಸರು ಹಿಡಿದು ಕರೆದು, ನಿನಗೆ ನರಕದಲ್ಲಿ ಜಾಗ ಹಿಡಿದಿಟ್ಟಿದ್ದೇನೆ ಅನ್ನುತ್ತಾನೆ. ಅವನು ಎದ್ದು ನಿಂತು ಉತ್ತರ ಕೊಡಬೇಕು. ವರ್ಷದೊಳಗೆ ತಪ್ಪು ಸರಿಮಾಡಿಕೊಂಡಿದ್ದರೆ, ಮರುಕ್ರಿಸ್ಮಸ್ಸಿಗೆ ಅದೇ ಸೈತಾನ ಅವನನ್ನು ವೇದಿಕೆಗೆ ಎಳೆದು, ಊರಿನೆದುರು ಕುಂಡಿಗೊಂದು ಒದ್ದು, ನರಕದಿಂದ ಆಚೆ ದಬ್ಬುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ, ಯಾರೋ ಅವನ ಕೈಗೆ ಬಿಸಿ ತಮಾಲೆ ಕಡುಬು ಇಡುತ್ತಾರೆ. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ನನಗೆ ತಿಳಿದಂತೆ ಯಾರೂ ಎತ್ತಿಲ್ಲ.

ನಾಲ್ಕು ವರ್ಷದ ಹಿಂದೆ ಎಲಿಹಿಯೊ ತನ್ನ ಹೊಲದ ಅಂಚಿಗೆ ಮುಳ್ಳುತಂತಿ ಬಿಗಿದ. ನೀರಿನ ಊಟೆಗೆ ಬಟ್ಟೆ ಒಗೆಯಲು ಹೋಗುವ ದಾರಿ ಅದು. ಹೆಂಗಸರು ಒದ್ದೆ ಬಟ್ಟೆ ಹೊತ್ತು ಕೊರಕಲು ಸುತ್ತಿ ಬರಬೇಕಾಯಿತು. ದಿನಾ ಬೆಳಿಗ್ಗೆ ನನ್ನ ಗಿರಣಿಯಲ್ಲಿ ನಿಂತು ನನ್ನೆದುರಿಗೇ ನನ್ನ ತಮ್ಮನಿಗೆ ಹಿಡಿಶಾಪ. ಸ್ವಂತ ತಮ್ಮನನ್ನು ಬಿಟ್ಟು ಬೇರೆಯವರ ಹೆಸರು ಹೇಳಲು ನನಗೆ ಯಾವ ಮುಖವಿತ್ತು? ಆ ಸಂಜೆ ಕೂಗಿದೆ: “ಎಲಿಹಿಯೊ, ದಾರಿ ನುಂಗಿದವನೇ, ಒಲೆ ಪಕ್ಕದಲ್ಲೇ ನಿನಗೆ ಜಾಗ ಇಟ್ಟಿದೀನಿ.”

ಅವನು ಟೋಪಿ ತೆಗೆದು ಎದ್ದು ನಿಂತ. “ಒಲೆ ಉರೀತಿರ್ಲಿ ಸೈತಾನಪ್ಪ. ಬೇಲಿ ಕಿತ್ತು ಬರೋದು ಸ್ವಲ್ಪ ತಡ ಆಗ್ಬೋದು” ಅಂದ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ವಾರದೊಳಗೆ ಬೇಲಿ ಹೋಯಿತು. ಕೆಸರಾಗುವ ಕಡೆ ತಾನೇ ಚಪ್ಪಡಿಗಳನ್ನು ಹೊತ್ತು ತಂದು ಹಾಸಿದ.

ಅದೇ ಸಂಜೆ, ಮಾನ್ಯರೇ, ನಿಮ್ಮವರು ಮೂರು ಕ್ಯಾಮೆರಾ ಹಿಡಿದು ಬಂದಿದ್ದರು. ನಾವು ಹಿಗ್ಗಿ ಅವರಿಗೆ ಊಟ ಹಾಕಿದೆವು. ಮೂರರಲ್ಲಿ ಒಂದಾದರೂ ಜನರ ಕಡೆ ತಿರುಗಬಾರದಿತ್ತೇ? ನನ್ನ ಬೈಗುಳ ಅಚ್ಚುಕಟ್ಟಾಗಿ ಚಿತ್ರೀಕರಣವಾಯಿತು, ನನ್ನ ತಮ್ಮ ಕೊಟ್ಟ ಉತ್ತರ ಆಗಲಿಲ್ಲ. ಮರುವರ್ಷ ನಾಟಕವನ್ನು ಪರಂಪರೆ ಎಂದು ಘೋಷಿಸಿ, ನಾವು ಆಡುತ್ತಿದ್ದ ಹಳೆಯ ಕಣಜಕ್ಕೆ ಬೀಗ ಹಾಕಿದಿರಿ. ನನ್ನಜ್ಜ ಕೆತ್ತಿದ ಮುಖವಾಡ ಗಾಜಿನ ಪೆಟ್ಟಿಗೆ ಸೇರಿತು. ನಮಗೆ ಆ ಚಿತ್ರ ನೋಡಲು ಚೌಕದಲ್ಲೊಂದು ದೊಡ್ಡ ಪರದೆ ಸಿಕ್ಕಿತು. ಇನ್ನು ಮೇಲೆ ಚಳಿಗೆ ನಟರ ಗಂಟಲು ಕೆಡುವುದಿಲ್ಲ, ಮಾತು ಮರೆಯುವುದಿಲ್ಲ ಎಂದು ನೀವು ಭಾಷಣ ಮಾಡಿದಿರಿ. ಏನು ಕಾಳಜಿ, ಏನು ಕರುಣೆ!

ಮೂರು ಕ್ರಿಸ್ಮಸ್ಸುಗಳಿಂದ ಆ ಪರದೆಯ ಮೇಲೆ ನಾನು ನನ್ನ ತಮ್ಮನನ್ನು ನರಕಕ್ಕೆ ಕರೆಯುತ್ತಲೇ ಇದ್ದೇನೆ. ನನ್ನ ದನಿ ಚೌಕ ದಾಟಿ ಅವನ ಮನೆಯ ಹಿತ್ತಲವರೆಗೂ ಕೇಳುತ್ತದೆ. ಇನ್ನೊಂದು ಕಡೆ, ಹಾಲಿಗೆ ನೀರು ಬೆರೆಸುವ ಮಹಾನುಭಾವ ಮುಂದಿನ ಸಾಲಿನಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿರುತ್ತಾನೆ, ಏಕೆಂದರೆ ಪರದೆಗೆ ಅವನ ಹೆಸರು ಗೊತ್ತಿಲ್ಲ. ನಿಮ್ಮ ದಾಖಲೆಯ ಪ್ರಕಾರ ನಾಲ್ಕು ವರ್ಷದಿಂದ ಓಹೊ ಫ್ರಿಯೊದಲ್ಲಿ ಒಂದೇ ಪಾಪ, ಒಬ್ಬನೇ ಪಾಪಿ. ಇಂಥ ಪುಣ್ಯಕ್ಷೇತ್ರ ಇನ್ನೆಲ್ಲಿದೆ, ಸ್ವಾಮಿ?

ಕಳೆದ ತಿಂಗಳು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಂತೆ. ಗುಮಾಸ್ತ ಒಳ್ಳೆಯ ಹುಡುಗ, ಕುರ್ಚಿ ಕೊಟ್ಟ.

“ನಾಟಕ ಎಲ್ಲೂ ಹೋಗಿಲ್ಲಮ್ಮ, ಭದ್ರವಾಗಿದೆ” ಅಂದ.

“ನಮ್ಮ ತಮ್ಮನೂ ಅದರೊಳಗೇ ಭದ್ರವಾಗಿದಾನಪ್ಪ. ಅವನ ಹೆಸರು ತೆಗೆಯೋಕಾಗತ್ತಾ?”

“ಮೂಲಪ್ರತಿ ಅಲ್ವಾ, ಮುಟ್ಟೋ ಹಾಗಿಲ್ಲ.”

“ಹಾಗಾದ್ರೆ ಕಣಜದ ಬೀಗ ತೆಗೀರಿ, ನಾವೇ ಆಡ್ತೀವಿ.”

“ಅರ್ಜಿ ಹಾಕಿ. ಆದ್ರೆ ಅಧಿಕೃತ ರೂಪದಲ್ಲಿ ಒಂದು ಮಾತೂ ಬದಲಾಗಬಾರದು.”

ಅಂದರೆ ಅರ್ಥವಾಯಿತೇ? ನಾನು ಕಾಲೂರಿ ನಿಂತು ಆಡಬೇಕೆಂದರೆ, ಬೇಲಿ ಕಿತ್ತ ತಮ್ಮನನ್ನು ನನ್ನ ಬಾಯಿಂದಲೇ ಮತ್ತೆ ನರಕಕ್ಕೆ ಅಟ್ಟಬೇಕು. ಹೆಸರಿಗೆ ಕತ್ತರಿ ಹಾಕಿ ಎಂದು ಅಂದು ಕೇಳಿದ್ದೂ ನನ್ನದೇ ದಡ್ಡತನ. ಅಳಿಸಿದರೆ ಬೈಗುಳ ಮಾಯವಾಗಬಹುದು, ಆದರೆ ಊರಿನೆದುರು ಬೀಳಬೇಕಾದ ಆ ಒದೆಯನ್ನು ಯಾವ ಯಂತ್ರ ಕೊಡುತ್ತದೆ? ಬೈದವರ ಕಾಲೇ ಒದೆಯಬೇಕು, ನಕ್ಕವರ ಕೈಯೇ ಚಪ್ಪಾಳೆ ತಟ್ಟಬೇಕು. ಅದಕ್ಕೆ ಎಲ್ಲರೂ ಒಂದೇ ಸೂರಿನ ಕೆಳಗೆ ಉಸಿರಾಡುತ್ತಿರಬೇಕು. ನಾವು ಇದನ್ನೇ ನಾಟಕ ಅನ್ನುತ್ತಿದ್ದೆವು. ನೀವು ಹಿಡಿದಿಟ್ಟಿರುವುದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ.

ಎಲಿಹಿಯೊನ ಮೊಮ್ಮಗಳು ನೀವೆಸ್‌ಗೆ ಏಳು ವರ್ಷ. ಬೇಲಿ ಇದ್ದಾಗ ಅವಳಿಗೆ ಮೂರು, ನೆನಪಿಲ್ಲ. ಪರದೆ ನೋಡಿ ಬೆಳೆದವಳು. ಮೊನ್ನೆ ಆ ಚಪ್ಪಡಿಗಳ ಮೇಲೇ ಕುಣಿಯುತ್ತ ಹೋಗುವಾಗ ಅಜ್ಜನ ಕೈ ಹಿಡಿದು ಕೇಳಿದಳಂತೆ: “ತಾತ, ಪರದೇಲಿ ಬೈತಾರಲ್ಲ, ಆ ಬೇಲೀನ ನೀನ್ಯಾಕೆ ಇನ್ನೂ ತೆಗ್ದಿಲ್ಲ?”

ಮರುದಿನ ಅವನು ಗಿರಣಿಗೆ ಬಂದ. ಬಕೆಟ್ಟು ತಂದಿರಲಿಲ್ಲ. ಹೆಂಗಸರೆಲ್ಲ ಹೋಗುವ ತನಕ ಗೋಡೆಗೊರಗಿ ನಿಂತಿದ್ದ.

“ಅಕ್ಕಾ, ಈ ಡಿಸೆಂಬರ್‌ಗೆ ನಾನು ಊರಲ್ಲಿರಲ್ಲ. ಹೊಲ ಮಾರಿ ಹೋಗ್ತೀನಿ. ಇರೋ ಅಂತೀಯಾದ್ರೆ ನನ್ನನ್ನ ಒದ್ದು ಆಚೆ ಹಾಕು.”

ಅರವತ್ತು ದಾಟಿದ ಗಂಡಸು ಅಕ್ಕನ ಮುಂದೆ ನಿಂತು ಒದೆ ಬೇಡುವುದನ್ನು ನೀವು ನೋಡಿಲ್ಲ. ನೋಡಿದ ನನಗೆ ಅಂದಿನಿಂದ ಊಟ ರುಚಿಸುತ್ತಿಲ್ಲ. ನನ್ನ ಬಾಯಿ ನನಗೇ ಹೇಸಿಗೆ.

ಆದ್ದರಿಂದ ಈ ಕ್ರಿಸ್ಮಸ್ ಹಿಂದಿನ ಸಂಜೆ ಕಣಜದ ಬಾಗಿಲು ತೆರೆಯಿರಿ, ಮುಖವಾಡ ಕೊಡಿ, ಪರದೆ ಆರಿಸಿ. ಆಗದಿದ್ದರೆ ಹಿಟ್ಟಿನ ಚೀಲವನ್ನೇ ತಲೆಗೆ ಕಟ್ಟಿಕೊಂಡು ಪರದೆಯ ಮುಂದೆ ನಿಂತು ನನ್ನ ಬೈಗುಳಕ್ಕೆ ನಾನೇ ಎದುರು ಕೂಗುತ್ತೇನೆ. ಪೊಲೀಸರನ್ನು ಕರೆಸಿ, ಅವರೂ ನಾಟಕ ನೋಡಿ ಬಹಳ ದಿನವಾಗಿದೆ. ನೀವೂ ತಪ್ಪದೆ ಬನ್ನಿ. ಮೊದಲ ಸಾಲಿನಲ್ಲಿ ನಿಮಗೆ ಕುರ್ಚಿ ಹಾಕಿಸುತ್ತೇನೆ. ತಮ್ಮನನ್ನು ಒದ್ದು ಹೊರಹಾಕಿದ ಮೇಲೆ ಒಲೆ ಪಕ್ಕದ ಜಾಗ ಖಾಲಿಯಾಗುತ್ತದಲ್ಲ, ಅಲ್ಲಿಗೆ ಕರೆಯಬೇಕಾದವರ ಹೆಸರು ಆಗಲೇ ಗಟ್ಟಿಯಾಗಿದೆ. ಹೆದರಬೇಡಿ. ಒಂದೇ ವರ್ಷದ ಮಾತು. ಮರುಕ್ರಿಸ್ಮಸ್ಸಿಗೆ ನಿಮ್ಮನ್ನೂ ಒದ್ದು ಬಿಡಿಸುವವಳು ನಾನೇ. ಆದರೆ ಅದಕ್ಕೆ ಮರುವರ್ಷವೂ ನಾಟಕ ನಡೆಯಬೇಕು, ನೆನಪಿರಲಿ.

ಇಂತಿ,
ಮೊದಲ ಬಾರಿಗೆ ಮುಖವಾಡವಿಲ್ಲದೆ ನಿಮ್ಮೆದುರು ನಿಂತಿರುವ
ಓಹೊ ಫ್ರಿಯೊದ ಸೈತಾನ,
ಒತಿಲಿಯಾ ಬಾರಾಗಾನ್, ಗಿರಣಿಯವಳು